ಬಡಾವಣೆಯ ನಕ್ಷೆ ಯಾರ ಹತ್ತಿರ ಇದೆ?

ಹಿಂದಿನ ಮಳೆಗಾಲದ ಮಾತು. ಪುಷ್ಯ ಮಳೆ ಹಿಡಿದು ನಾಲ್ಕನೇ ದಿನ. ಚಿಕ್ಕಮಗಳೂರಿನ ನಮ್ಮ ಬಡಾವಣೆಯ ಕೆಳಗಿನ ಬೀದಿಯಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಮೂರು ಮನೆಗಳ ಒಳಗೆ ನೀರು ನುಗ್ಗಿತು. ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದರು. ನಾಲ್ಕು ಜನ ಸೇರಿ ಅವರನ್ನು ಕಂಬಳಿಯಲ್ಲಿ ಎತ್ತಿಕೊಂಡು ಎದುರು ಮನೆಗೆ ಸಾಗಿಸಿದೆವು.

ಬೆಳಿಗ್ಗೆ ಎಲ್ಲರೂ ರಸ್ತೆಗೆ ಬಂದರು. ಒಬ್ಬೊಬ್ಬರದು ಒಂದೊಂದು ಮಾತು. ಚರಂಡಿಯ ಹೂಳು ತೆಗೆದಿಲ್ಲ ಅಂದರು ಒಬ್ಬರು. ಮೇಲಿನ ಬೀದಿಯವರು ಕಾರು ಹತ್ತಿಸೋದಕ್ಕೆ ಚರಂಡಿ ಮೇಲೆ ಸಿಮೆಂಟ್ ಹಾಕಿದ್ದಾರೆ ಅಂದರು ಇನ್ನೊಬ್ಬರು. ಅಷ್ಟರಲ್ಲಿ, ಈ ಜಾಗ ಗದ್ದೆಯಾಗಿದ್ದಾಗ ಇಲ್ಲೇ ಉತ್ತು ಬೆಳೆದ ಹಿರಿಯರೊಬ್ಬರು ಕೊಡೆ ಹಿಡಿದು ಬಂದು ಸುತ್ತ ನೋಡಿದರು. "ಇಲ್ಲೊಂದು ಹಳ್ಳ ಹರೀತಿತ್ತಲ್ಲ, ಅದೆಲ್ಲಿ ಹೋಯ್ತು?" ಎಂದು ಕೇಳಿದರು.

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹದಿನೈದು ಇಪ್ಪತ್ತು ವರ್ಷದಿಂದ ಅಲ್ಲೇ ವಾಸ ಇದ್ದವರಿಗೂ ಗೊತ್ತಿರಲಿಲ್ಲ. ಆ ಹಳ್ಳವನ್ನು ಹುಡುಕಲು ನಮಗೆ ಎರಡು ತಿಂಗಳು ಬೇಕಾಯಿತು. ಹುಡುಕಿದ್ದು ನೆಲದ ಮೇಲಲ್ಲ, ಕಾಗದದ ಮೇಲೆ. ಹಳೆಯ ಗ್ರಾಮ ನಕ್ಷೆಯಲ್ಲಿ ಅದು ಹಳ್ಳ. ಬಡಾವಣೆಯ ನಕ್ಷೆಯಲ್ಲಿ ಅದೇ ಜಾಗ ಮಳೆನೀರಿನ ಕಾಲುವೆ. ನೆಲದ ಮೇಲೆ ಈಗ ಅಲ್ಲಿರುವುದು ಒಂದು ಕಾಂಪೌಂಡ್ ಗೋಡೆ, ಒಂದು ಶೀಟಿನ ಶೆಡ್, ಅವುಗಳ ಅಡಿಯಲ್ಲಿ ಒಂದು ಸಣ್ಣ ಪೈಪು. ಇಡೀ ಹಳ್ಳದ ನೀರು ಆ ಪೈಪಿನಲ್ಲಿ ಹೋಗಬೇಕಿತ್ತು.

ನಿವಾಸಿಗಳ ಸಂಘ ಅಂದ ಕೂಡಲೇ ಗಣಪತಿ ಕೂರಿಸುವುದು, ರಾಜ್ಯೋತ್ಸವದ ಬಾವುಟ, ಅಕ್ಟೋಬರ್ 2ರ ಸ್ವಚ್ಛತಾ ಕಾರ್ಯಕ್ರಮ ನೆನಪಾಗುತ್ತವೆ. ಅವೆಲ್ಲ ಬೇಕು. ಒಬ್ಬರ ಮುಖ ಒಬ್ಬರಿಗೆ ಪರಿಚಯ ಆಗುವುದೇ ಅಲ್ಲಿ. ಆದರೆ ಒಂದು ಬಡಾವಣೆ ಉಳಿಯುವುದು, ಅಲ್ಲಿನ ಜನ ತಮ್ಮ ನಕ್ಷೆಯನ್ನು ಕೈಯಲ್ಲಿ ಹಿಡಿದು ತಿಂಗಳು ತಿಂಗಳೂ ಅದರ ಬೆನ್ನು ಬಿದ್ದಾಗ ಮಾತ್ರ. ಈ ಎರಡು ತಿಂಗಳಲ್ಲಿ ನನಗೆ ಇದು ಖಚಿತವಾಯಿತು. ಯಾಕೆ ಹಾಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ನಮ್ಮಂಥ ಊರಿನ ಸ್ಥಿತಿ ನೋಡಿ. ಹಳ್ಳಿಯಲ್ಲಿದ್ದರೆ ಗ್ರಾಮಸಭೆ ಇದೆ. 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಮತದಾರರೆಲ್ಲ ಅದರ ಸದಸ್ಯರು. ಯಾರು ಬೇಕಾದರೂ ಎದ್ದು ನಿಂತು "ನಮ್ಮ ಕೇರಿಗೆ ಯಾಕೆ ಚರಂಡಿ ಇಲ್ಲ?" ಎಂದು ಕೇಳಬಹುದು. ದೊಡ್ಡ ನಗರದಲ್ಲಿದ್ದರೆ ವಾರ್ಡ್ ಸಮಿತಿ ಇದೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಅದನ್ನು ಕಡ್ಡಾಯ ಮಾಡಿದೆ. ಆದರೆ ಯಾರಿಗೆ? ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆ ಇರುವ ನಗರಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ನಗರದ ಜನಸಂಖ್ಯೆ 1,18,401. ಪಕ್ಕದ ಹಾಸನದ್ದೂ ಆಗ ಎರಡು ಲಕ್ಷ ಮುಟ್ಟಿರಲಿಲ್ಲ.

ಅಂದರೆ ಹಳ್ಳಿಗೆ ಒಂದು ಜಗಲಿ ಇದೆ, ಮಹಾನಗರಕ್ಕೆ ಒಂದು ಜಗಲಿ ಇದೆ, ನಡುವಿನ ನಮಗೆ ಸಂವಿಧಾನ ಕಡ್ಡಾಯವಾಗಿ ಕೊಟ್ಟ ಜಗಲಿ ಇಲ್ಲ. ನಮ್ಮ ನಗರಸಭೆಗೆ 35 ವಾರ್ಡುಗಳು. ಸರಾಸರಿ ಒಂದು ವಾರ್ಡಿಗೆ ಮೂರು ಸಾವಿರಕ್ಕೂ ಮಿಕ್ಕಿ ಜನ. ಐದು ವರ್ಷಕ್ಕೊಮ್ಮೆ ಮತ ಹಾಕುತ್ತೇವೆ. ಚುನಾವಣೆ ತಡವಾದರೆ ಆಡಳಿತಾಧಿಕಾರಿಯ ಕೈಗೆ ಊರು ಹೋಗುತ್ತದೆ. ಆಗ ಬೀದಿಯ ಮಾತು ಕೇಳುವ ಸದಸ್ಯರೂ ಇರುವುದಿಲ್ಲ. ಈ ಖಾಲಿ ಜಾಗದಲ್ಲಿ ಹುಟ್ಟಿಕೊಂಡದ್ದೇ ನಿವಾಸಿಗಳ ಸಂಘ. ಯಾರೂ ಕೊಟ್ಟದ್ದಲ್ಲ, ಜನ ತಾವೇ ಮಾಡಿಕೊಂಡದ್ದು. ಅದಕ್ಕೇ ನನಗೆ ಅದರ ಮೇಲೆ ಇಷ್ಟು ಅಭಿಮಾನ.

ಕಾನೂನಿನ ಕಣ್ಣಲ್ಲಿ ಸಂಘ ತುಂಬ ಸರಳವಾದದ್ದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಾಕು. ಉದ್ದೇಶ, ನಿಯಮಾವಳಿ ಬರೆದು ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಕೊಟ್ಟರೆ ನೋಂದಣಿ ಆಗುತ್ತದೆ. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಮಾಡಬೇಕು, ಲೆಕ್ಕಪತ್ರ ಸಲ್ಲಿಸಬೇಕು. ಇಷ್ಟೇ. ಇದರಿಂದ ಸಂಘಕ್ಕೆ ಅಧಿಕಾರ ಬರುವುದಿಲ್ಲ. ದಂಡ ಹಾಕುವಂತಿಲ್ಲ, ರಸ್ತೆಗೆ ಗೇಟು ಹಾಕುವಂತಿಲ್ಲ, ಯಾರ ಮನೆಯ ಕೆಲಸವನ್ನೂ ನಿಲ್ಲಿಸುವಂತಿಲ್ಲ. ಇದನ್ನು ಮರೆತ ಸಂಘಗಳು ಬೇಗ ಜಗಳಕ್ಕೆ ಬೀಳುತ್ತವೆ. ಸಂಘಕ್ಕೆ ಇರುವುದು ಕೇಳುವ ಹಕ್ಕು. ಆದರೆ ಆ ಹಕ್ಕು ಸಣ್ಣದಲ್ಲ.

ಎಷ್ಟು ದೊಡ್ಡದು ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆ, ಅಂದರೆ ಸದಾಶಿವನಗರದ ಕಡೆ, ಯೋಜನೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗ ಒಂದಿತ್ತು. 1976ರಲ್ಲಿ ಸರ್ಕಾರದ ಆದೇಶದ ಮೇಲೆ ಅದನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಒಂದು ಟ್ರಸ್ಟಿಗೆ ಕೊಡಲು ಹೊರಟರು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಮೊದಲು ಸೋತರು. ಮೇಲ್ಮನವಿಯಲ್ಲಿ ಗೆದ್ದರು. ಕೊನೆಗೆ ಅದು ಸುಪ್ರೀಂ ಕೋರ್ಟ್ ತನಕ ಹೋಯಿತು. ಅಲ್ಲಿ ಎದುರಾಳಿಗಳು ಎತ್ತಿದ ದೊಡ್ಡ ಪ್ರಶ್ನೆ ಒಂದೇ: ಇದನ್ನು ಕೇಳೋಕೆ ಈ ನಿವಾಸಿಗಳು ಯಾರು? ಜಾಗ ಅವರದ್ದಲ್ಲ, ಅವರ ಸೈಟಿಗೇನೂ ತೊಂದರೆ ಆಗಿಲ್ಲ, ಅವರಿಗೇನು ಹಕ್ಕು?

1991ರಲ್ಲಿ ಬಂದ ತೀರ್ಪು ಆ ಪ್ರಶ್ನೆಗೆ ನೇರ ಉತ್ತರ ಕೊಟ್ಟಿತು. ಪಾರ್ಕು ಬಡಾವಣೆಯ ಜನರ ಒಳಿತಿಗಾಗಿ ಬಿಟ್ಟ ಜಾಗ. ಅದು ಕೈತಪ್ಪಿದರೆ ನಷ್ಟ ಅವರದ್ದೇ. ಹಾಗಾಗಿ ಕೇಳುವ ಹಕ್ಕು ಅವರಿಗಿದೆ. ನರ್ಸಿಂಗ್ ಹೋಮ್ ಒಳ್ಳೆಯ ಕೆಲಸವೇ ಇರಬಹುದು, ಆದರೆ ಅದು ಪಾರ್ಕಿನ ಬದಲಿಗೆ ಆಗುವುದಿಲ್ಲ. ಹಿಂದೆ ಉದ್ಯಾನ ಅಂದರೆ ಅರಸರಿಗೆ, ಶ್ರೀಮಂತರಿಗೆ ಸೇರಿದ್ದು, ಈಗ ಅದು ಸಾಮಾನ್ಯ ಜನರ ಪಾಲಿನದು ಎಂಬ ಅರ್ಥದ ಮಾತನ್ನೂ ನ್ಯಾಯಾಲಯ ಆಡಿತು. ನಮ್ಮ ಸಂಘದ ಸಭೆಯಲ್ಲಿ ಈ ಕಥೆ ಹೇಳಿದ ದಿನ, ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ "ಹಾಗಾದ್ರೆ ನಾವು ಕೇಳ್ಬೋದು ಅಲ್ವಾ?" ಅಂದರು. ಹೌದು, ಕೇಳಬಹುದು. 1991ರಿಂದ ಅದರಲ್ಲಿ ಅನುಮಾನ ಇಲ್ಲ.

ಇನ್ನು ನಕ್ಷೆಯ ವಿಷಯ. ಒಂದು ಬಡಾವಣೆಗೆ ಒಪ್ಪಿಗೆ ಸಿಗುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ. ಲೇಔಟ್ ಮಾಡುವವರು ಸೈಟುಗಳ ಜೊತೆಗೆ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಎಂದು ಬಿಡಲೇಬೇಕು. ಈ ಕೊನೆಯದನ್ನು ಜನ ಸಿಎ ಸೈಟ್ ಅನ್ನುತ್ತಾರೆ. ರಸ್ತೆ, ಪಾರ್ಕು ಬರೀ ನಕ್ಷೆಯಲ್ಲಿ ಬಣ್ಣ ಹಚ್ಚಿ ಬಿಟ್ಟರೆ ಸಾಲದು. ಬಿಡುಗಡೆ ಪತ್ರ ನೋಂದಣಿ ಮಾಡಿಸಿ, ದುಡ್ಡು ಪಡೆಯದೆ, ಯೋಜನಾ ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬಿಟ್ಟುಕೊಡಬೇಕು. ಆ ಮೇಲೆ ಅದು ಎಲ್ಲರ ಜಾಗ. ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲಿಕ್ಕೇ ರಾಜ್ಯದಲ್ಲಿ 1985ರಿಂದ ಪ್ರತ್ಯೇಕ ಕಾಯ್ದೆ ಇದೆ.

ಕಾಯ್ದೆ ಇದ್ದೂ ಜಾಗ ಹೋಗುವುದು ಹೇಗೆ? ಒಂದೇ ದಿನಕ್ಕೆ ಹೋಗುವುದಿಲ್ಲ. ಮೊದಲು ಪಾರ್ಕಿನ ಮೂಲೆಯಲ್ಲಿ ಯಾರೋ ಮನೆ ಕಟ್ಟುವ ಮರಳು, ಜಲ್ಲಿ ಸುರಿಯುತ್ತಾರೆ. ಮನೆ ಮುಗಿದ ಮೇಲೂ ಉಳಿದ ಇಟ್ಟಿಗೆ ಅಲ್ಲೇ ಇರುತ್ತದೆ. ಅದಕ್ಕೆ ಒಂದು ಶೀಟು ಹೊದಿಸುತ್ತಾರೆ. ಶೀಟಿನ ಕೆಳಗೆ ಬೈಕು ನಿಲ್ಲುತ್ತದೆ. ಎರಡು ವರ್ಷ ಬಿಟ್ಟು ತಂತಿಬೇಲಿ ಬರುತ್ತದೆ. ಐದು ವರ್ಷ ಬಿಟ್ಟು "ಇದು ಮೊದಲಿಂದ ನಮ್ಮ ಸ್ವಾಧೀನದಲ್ಲಿದೆ" ಎಂಬ ಮಾತು ಬರುತ್ತದೆ. ಒಂದೊಂದು ಹೆಜ್ಜೆಯೂ ಸಣ್ಣದು. ಒಂದೊಂದು ಹೆಜ್ಜೆಗೂ ಅಕ್ಕಪಕ್ಕದವರು "ಹೋಗ್ಲಿ ಬಿಡಿ, ದಿನಾ ಮುಖ ನೋಡ್ಬೇಕು" ಅಂದುಕೊಂಡು ಸುಮ್ನಿರುತ್ತಾರೆ. ಈ ದಾಕ್ಷಿಣ್ಯ ನಮ್ಮ ಕಡೆಯ ಒಳ್ಳೆಯ ಗುಣ. ಆದರೆ ಅದರಲ್ಲೇ ಜಾಗ ಕರಗುತ್ತದೆ. ಇಲ್ಲಿ ಸಂಘದಿಂದ ಒಂದು ದೊಡ್ಡ ಅನುಕೂಲ ಇದೆ. ಒಬ್ಬ ವ್ಯಕ್ತಿ ಕೇಳಿದರೆ ಅದು ನೆರೆಮನೆಯ ಜಗಳ. ಸಂಘ ನಕ್ಷೆ ಮುಂದಿಟ್ಟು ಕೇಳಿದರೆ ಅದು ಬಡಾವಣೆಯ ಮಾತು. ಯಾರ ಮನಸ್ಸೂ ಅಷ್ಟು ಮುರಿಯುವುದಿಲ್ಲ.

ನಕ್ಷೆ ಸಿಗುವುದು ಹೇಗೆ ಅನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಾವು ಅಲ್ಲೇ ತಡಕಾಡಿದ್ದು. ಒಂದು ಕಚೇರಿಗೆ ಹೋದರೆ ಇನ್ನೊಂದು ಕಚೇರಿಗೆ ಕಳಿಸಿದರು. ಅಲ್ಲಿ "ಹಳೇ ಫೈಲು, ಹುಡುಕಬೇಕು" ಅಂದರು. ಮೂರು ಸಲ ಅಲೆದ ಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. 2005ರ ಈ ಕಾಯ್ದೆ ಇಂಥದಕ್ಕೇ ಇರುವುದು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ಆದ್ದರಿಂದ ದೂರು ಬರೆಯಬೇಡಿ, ಸಿಟ್ಟು ಬರೆಯಬೇಡಿ. "ಇಂಥ ಸರ್ವೆ ನಂಬರಿನ ಬಡಾವಣೆಯ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ, ಪಾರ್ಕು ಮತ್ತು ರಸ್ತೆಯ ಬಿಡುಗಡೆ ಪತ್ರದ ಪ್ರತಿ ಕೊಡಿ" ಎಂದಷ್ಟೇ ಬರೆಯಿರಿ. ನಮಗೆ ಇಪ್ಪತ್ತಾರನೇ ದಿನ ಸಿಕ್ಕಿತು.

ಗ್ರಾಮ ನಕ್ಷೆ ಬೇರೆ. ಅದು ಕಂದಾಯ ಇಲಾಖೆಯದು. ಬಡಾವಣೆ ಹುಟ್ಟುವ ಮೊದಲು ಆ ನೆಲ ಏನಾಗಿತ್ತು ಎಂದು ಅದು ಹೇಳುತ್ತದೆ. ಹಳ್ಳ, ಕಾಲುವೆ, ಬಂಡಿದಾರಿ ಇಂಥವು ಬಿ ಖರಾಬು ಎಂದು ದಾಖಲಾಗಿರುತ್ತವೆ. ಎ ಖರಾಬು ಅಂದರೆ ಸಾಗುವಳಿಗೆ ಬಾರದ ಜಮೀನು. ಬಿ ಖರಾಬು ಹಾಗಲ್ಲ, ಅದು ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟದ್ದು, ಸರ್ಕಾರದ್ದು. ಪಕ್ಕದ ಜಮೀನು ಮಾರಿದವರು ಅದನ್ನೂ ಸೇರಿಸಿ ಮಾರುವಂತಿಲ್ಲ. ಈಗ ದಿಶಾಂಕ್ ಆ್ಯಪ್ ಇದೆ. ಮೊಬೈಲು ಹಿಡಿದು ನಿಂತಲ್ಲೇ ಸರ್ವೆ ನಂಬರ್ ತೋರಿಸುತ್ತದೆ. ಕೊನೆಯ ಮಾತು ಮೋಜಣಿದಾರರ ಅಳತೆಯದೇ. ಆದರೆ ಎಲ್ಲಿಂದ ಕೇಳಲು ಶುರು ಮಾಡಬೇಕು ಎಂದು ಗೊತ್ತಾಗಲು ಆ್ಯಪ್ ಸಾಕು. ನಮ್ಮ ಬೀದಿಯ ಪಿಯುಸಿ ಹುಡುಗಿಯೊಬ್ಬಳು ಅದನ್ನು ಹಿಡಿದು ಹಳ್ಳದ ಗೆರೆಯ ಮೇಲೆ ನಡೆದಳು. ಅವಳ ಹಿಂದೆ ನಾವು ಇಪ್ಪತ್ತು ಜನ. ಶೆಡ್ಡಿನ ಹತ್ತಿರ ಅವಳು ನಿಂತಾಗ ಯಾರೂ ಮಾತಾಡಲಿಲ್ಲ.

ಹಳ್ಳ, ಕಾಲುವೆ ನಮ್ಮ ಊರಿಗೆ ಯಾಕಿಷ್ಟು ಮುಖ್ಯ? ಊರು ಕೂತಿರುವುದೇ ಚಂದ್ರದ್ರೋಣ ಬೆಟ್ಟಸಾಲಿನ ಬುಡದಲ್ಲಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಅಲ್ಲಿಂದಲೇ ಕಾಣುತ್ತದೆ. ಈ ನೆಲದಲ್ಲಿ ಮಳೆನೀರು ಇಳಿಜಾರು ಹಿಡಿದು ಕೆರೆ ಸೇರುತ್ತಿತ್ತು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಮುಂದಿನ ಕೆರೆಗೆ. ಬಸವನಹಳ್ಳಿ ಕೆರೆ, ಕೋಟೆ ಕೆರೆ, ದಂಟರಮಕ್ಕಿ ಕೆರೆ ಈಗಲೂ ಊರಿನ ನಡುವೆ ಉಳಿದಿವೆ. ಕೆರೆಗೆ ಬೇಲಿ ಹಾಕಿ, ವಾಕಿಂಗ್ ಪಾತ್ ಮಾಡಿ, ಬೆಂಚು ಇಟ್ಟರೆ ಚೆನ್ನಾಗಿ ಕಾಣುತ್ತದೆ. ಆದರೆ ಕೆರೆಗೆ ನೀರು ತರುವ ಕಾಲುವೆ ಮುಚ್ಚಿದರೆ ನೀರು ಮನೆಗೆ ಬರುತ್ತದೆ, ಕೆರೆಗೆ ಬರುವುದು ಬರೀ ಚರಂಡಿ ನೀರು. ಕೆರೆಯ ಸೌಂದರ್ಯದ ಬಗ್ಗೆ ಮನವಿ ಕೊಡುವ ಸಂಘಗಳು ಕಾಲುವೆಯ ಬಗ್ಗೆಯೂ ಕೊಡಬೇಕು. ಕುಡಿಯುವ ನೀರಿಗೆ ನಾವು ಹಿರೇಕೊಳಲೆ ಕೆರೆಯನ್ನು, ಬೇಲೂರಿನ ಹತ್ತಿರದ ಯಗಚಿ ಜಲಾಶಯವನ್ನು ನೆಚ್ಚಿದ್ದೇವೆ. ನಮ್ಮ ಬೆಟ್ಟದಲ್ಲೇ ಹುಟ್ಟಿದ ಯಗಚಿಯ ನೀರನ್ನು ಕೆಳಗಿನಿಂದ ಪಂಪ್ ಮಾಡಿ ಮೇಲೆ ತರಿಸಿಕೊಳ್ಳುವ ಊರು ಇದು. ಇಲ್ಲಿ ಒಂದು ಹಳ್ಳ ಕಳೆದುಕೊಳ್ಳುವುದು ಸಣ್ಣ ವಿಷಯ ಅಲ್ಲ.

ನಕ್ಷೆಯೇ ಇಲ್ಲದ ಬಡಾವಣೆಗಳ ಕಥೆ ಬೇರೆ. ಕೃಷಿ ಜಮೀನನ್ನು ಒಪ್ಪಿಗೆ ಇಲ್ಲದೆ ಸೈಟು ಮಾಡಿ ಮಾರಿದ ರೆವಿನ್ಯೂ ಬಡಾವಣೆಗಳು ಊರಿನ ಅಂಚಿನಲ್ಲಿವೆ. 2025ರಲ್ಲಿ ಸರ್ಕಾರ ಇಂಥ ಆಸ್ತಿಗಳಿಗೂ ಬಿ ಖಾತೆ ಕೊಡಲು ಮುಂದಾಯಿತು. ಜನಕ್ಕೆ ಒಂದು ದಾಖಲೆ ಸಿಕ್ಕಿತು, ಸ್ಥಳೀಯ ಸಂಸ್ಥೆಗೆ ತೆರಿಗೆ ಬರುತ್ತದೆ. ಆದರೆ ಖಾತೆ ಬಂದ ಮಾತ್ರಕ್ಕೆ ಬಿಡದ ಪಾರ್ಕು ಹುಟ್ಟುವುದಿಲ್ಲ, ಹದಿನೈದು ಅಡಿ ರಸ್ತೆ ಅಗಲ ಆಗುವುದಿಲ್ಲ. ಅಲ್ಲಿನ ಸಂಘಗಳು ಉಳಿದಿರುವ ಖಾಲಿ ಸರ್ಕಾರಿ ಜಾಗವನ್ನು ಈಗಲೇ ಗುರುತಿಸಿ, ಅಂಗನವಾಡಿಗೋ ಆಟದ ಬಯಲಿಗೋ ಕೇಳುವುದು ಒಳ್ಳೆಯದು. ಆಮೇಲೆ ಕೇಳಲು ಜಾಗವೇ ಇರುವುದಿಲ್ಲ.

ಕಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನೆಯಲ್ಲೇ ಹಸಿ, ಒಣ ಕಸ ಬೇರೆ ಮಾಡಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದವು. ಅದನ್ನು ನೋಡಿಕೊಳ್ಳುವ ಹೊಣೆಯನ್ನು ನಿವಾಸಿಗಳ ಸಂಘಗಳ ಮೇಲೂ ಹಾಕಿದವು. ನಮ್ಮ ಊರಿನ ಕಸ ಹೋಗುವುದು ಇಂದಾವರದ ಕಡೆಗೆ. ಅಲ್ಲಿಯೂ ಮನೆಗಳಿವೆ, ಮಕ್ಕಳಿದ್ದಾರೆ. ನಮ್ಮ ಬೀದಿ ಸ್ವಚ್ಛ ಆಗಿ ಅವರ ಗಾಳಿ ಕೆಟ್ಟರೆ ನಾವು ಮಾಡಿದ್ದು ಏನು?

ಈ ಪ್ರಶ್ನೆಯೇ ನನ್ನನ್ನು ಸಂಘಗಳ ಇನ್ನೊಂದು ಮುಖದ ಕಡೆ ತರುತ್ತದೆ. ಇದನ್ನು ಬಿಟ್ಟು ಸಂಘದ ಗುಣಗಾನ ಮಾಡಿದರೆ ಅರ್ಧ ಸತ್ಯ ಆಗುತ್ತದೆ. ಬಡಾವಣೆ ಯಾರದು? ಬಹಳ ಸಂಘಗಳ ನಿಯಮಾವಳಿಯಲ್ಲಿ ಸದಸ್ಯರು ಅಂದರೆ ಸ್ವಂತ ಮನೆ ಇರುವವರು. ಬಾಡಿಗೆ ಮನೆಯವರಿಗೆ ಜಾಗ ಇಲ್ಲ. ಆದರೆ ಅವತ್ತು ರಾತ್ರಿ ನೀರು ನುಗ್ಗಿದ ಮೂರು ಮನೆಗಳಲ್ಲಿ ಎರಡು ಬಾಡಿಗೆ ಮನೆಗಳು. ಆ ಅಜ್ಜಿಯ ಮನೆಯೂ ಬಾಡಿಗೆಯದೇ. ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ನೀರಿನ ನೋವು ಗೊತ್ತಿರುವವರು ಸಭೆಯ ಹೊರಗಿದ್ದರು. ನಾವು ನಿಯಮ ತಿದ್ದಿ, ಆರು ತಿಂಗಳಿಂದ ವಾಸ ಇರುವ ಯಾರಾದರೂ ಸದಸ್ಯರಾಗಬಹುದು ಎಂದು ಮಾಡಿದೆವು. ಸುಲಭವಾಗಿ ಆಗಲಿಲ್ಲ. ಎರಡು ಸಭೆ ಜೋರು ಮಾತಿನಲ್ಲೇ ಮುಗಿದವು.

ಸಭೆಯ ಹೊತ್ತೂ ಒಂದು ವಿಷಯವೇ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ ಇಟ್ಟರೆ ಗಂಡಸರೇ ಬರುತ್ತಾರೆ. ಸಂಜೆ ಐದಕ್ಕೆ ಇಟ್ಟ ಮೇಲೆ ಹೆಂಗಸರು ಬಂದರು. ಅವರು ಬಂದ ಮೇಲೆ ಮಾತಿನ ವಿಷಯ ಬದಲಾಯಿತು. ಅಲ್ಲಿಯವರೆಗೆ ಕಮಾನು ಕಟ್ಟುವ ಚರ್ಚೆ. ಆಮೇಲೆ ಬಸ್ ಸ್ಟಾಪಿನಿಂದ ಮನೆಯವರೆಗೆ ಬೀದಿದೀಪ ಇಲ್ಲದ ನೂರು ಮೀಟರಿನ ಚರ್ಚೆ.

ನಮ್ಮ ಮೂಲೆಯಲ್ಲಿ ತಳ್ಳುಗಾಡಿ ಇಟ್ಟು ಸೊಪ್ಪು ಮಾರುವ ಹೆಂಗಸೊಬ್ಬರಿದ್ದಾರೆ. ಸಂಘದಲ್ಲಿ ಕೆಲವರು ಅವರನ್ನು ಎಬ್ಬಿಸಬೇಕು ಅಂದರು. ಗಾಡಿಯಿಂದ ಬೀದಿ ಗಲೀಜು ಅನ್ನುವುದು ಅವರ ಮಾತು. ನಾನು ಹೋಗಿ ಕೇಳಿದೆ. "ಅಕ್ಕಾ, ಎದ್ದೇಳು ಅಂದ್ರೆ ಎಲ್ಲಿಗೆ ಹೋಗ್ಲಿ? ಕಸಕ್ಕೆ ಒಂದು ಡಬ್ಬ ಕೊಡಿ, ನಾನೇ ತುಂಬಿ ಗಾಡಿಗೆ ಹಾಕ್ತೀನಿ" ಅಂದರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅವರನ್ನು ಎಬ್ಬಿಸುವ ಅಧಿಕಾರ ನಮಗಿಲ್ಲ. ಎಲ್ಲಿ ಮಾರಬೇಕು ಎಂಬ ವಿಷಯಕ್ಕೆ ಪಟ್ಟಣ ವ್ಯಾಪಾರ ಸಮಿತಿ ಇದೆ. ಅದರಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು. ನಿವಾಸಿಗಳ ಸಂಘಗಳಿಗೂ ಅದೇ ಸಮಿತಿಯಲ್ಲಿ ಪ್ರಾತಿನಿಧ್ಯ ಇದೆ. ನಿವಾಸಿಗಳ ಸಂಘವನ್ನು ಹೆಸರು ಹಿಡಿದು ಕರೆದು ಕೂರಿಸುವ ಕಾನೂನುಗಳು ಹೆಚ್ಚಿಲ್ಲ. ಕರೆದದ್ದು ವ್ಯಾಪಾರಿಗಳ ಪಕ್ಕದಲ್ಲಿ ಕೂತು ಮಾತಾಡಲು. ನಾವು ಡಬ್ಬ ಕೊಟ್ಟೆವು. ಈಗ ಆ ಮೂಲೆ ಬೀದಿಯಲ್ಲೇ ಎಲ್ಲಕ್ಕಿಂತ ಚೊಕ್ಕಟ.

ಹೋಂಸ್ಟೇ ವಿಷಯದಲ್ಲೂ ಹೀಗೆ ಎರಡೂ ಕಡೆ ನೋಡಬೇಕಾಗುತ್ತದೆ. ಪ್ರವಾಸಿಗರಿಂದ ಊರಿಗೆ ಆದಾಯ ಇದೆ. ಮನೆಯವರು ಅಲ್ಲೇ ಇದ್ದು ಅತಿಥಿಗಳನ್ನು ಇಟ್ಟುಕೊಳ್ಳುವುದು ಹೋಂಸ್ಟೇ. ಮನೆಯವರೇ ಇಲ್ಲದೆ, ವಾರಾಂತ್ಯಕ್ಕೆ ಇಡೀ ಮನೆ ಬಾಡಿಗೆಗೆ ಬಿಟ್ಟು, ರಾತ್ರಿ ಎರಡರ ತನಕ ಸ್ಪೀಕರ್ ಹಾಕಿದರೆ ಅದು ಹೋಂಸ್ಟೇ ಅಲ್ಲ. ಈ ವ್ಯತ್ಯಾಸ ಹಿಡಿದು ದೂರು ಕೊಟ್ಟರೆ ಕೇಳುತ್ತಾರೆ. ಎಲ್ಲ ಹೋಂಸ್ಟೇ ಮುಚ್ಚಿಸಿ ಅಂದರೆ ಯಾರೂ ಕೇಳುವುದಿಲ್ಲ, ಕೇಳಲೂಬಾರದು.

ಒಂದು ಸಂಘ ಸಾಯುವುದು ಹೇಗೆ ಅನ್ನುವುದನ್ನೂ ನೋಡಿದ್ದೇನೆ. ಒಂದು ಸಮಸ್ಯೆಗೆಂದು ಹುಟ್ಟುತ್ತದೆ, ಅದು ಮುಗಿದ ಕೂಡಲೇ ಮಲಗುತ್ತದೆ. ಅಥವಾ ಒಬ್ಬರೇ ಹತ್ತು ವರ್ಷ ಅಧ್ಯಕ್ಷರಾಗಿರುತ್ತಾರೆ, ಲೆಕ್ಕ ಅವರ ಮನೆಯ ಬೀರುವಿನಲ್ಲಿರುತ್ತದೆ. ವರ್ಷದ ವರದಿ ಸಲ್ಲಿಸದೆ ನೋಂದಣಿಗೇ ತೊಡಕಾದ ಮೇಲೆ, ಕೋರ್ಟಿಗೋ ಕಚೇರಿಗೋ ಹೋಗಬೇಕಾದ ದಿನ ಅದು ಬೆಳಕಿಗೆ ಬರುತ್ತದೆ. ನಮ್ಮದೂ ಹಾಗೆಯೇ ಮಲಗಿತ್ತು. ಮಳೆ ಬಂದು ಎಬ್ಬಿಸಿತು. ಈಗ ಮನೆಗೆ ತಿಂಗಳಿಗೆ ಐವತ್ತು ರೂಪಾಯಿ. ಪ್ರತಿ ತಿಂಗಳ ಮೊದಲ ಭಾನುವಾರ ಖರ್ಚಿನ ಚೀಟಿಯನ್ನು ಹಾಲಿನ ಬೂತಿನ ಗೋಡೆಗೆ ಅಂಟಿಸುತ್ತೇವೆ. ದೂರುಗಳಿಗೆ ಒಂದು ನೋಟ್‌ಬುಕ್ ಇದೆ: ಯಾವ ದಿನ, ಯಾರಿಗೆ ಕೊಟ್ಟೆವು, ಸ್ವೀಕೃತಿ ಸಂಖ್ಯೆ ಏನು, ಏನಾಯಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೂರು ಜನ ಸಿಟ್ಟು ಮಾಡಿಕೊಂಡರೂ ಆಗದ ಕೆಲಸ, ಸ್ವೀಕೃತಿ ಸಂಖ್ಯೆ ಹಿಡಿದು ಇಬ್ಬರು ಹೋದರೆ ಆಗುತ್ತದೆ. ಕಚೇರಿಯಲ್ಲಿ ಕೆಲಸ ಮಾಡಲು ಮನಸ್ಸಿರುವ ಅಧಿಕಾರಿಗಳಿದ್ದಾರೆ. ಅವರಿಗೂ ಕೈಯಲ್ಲಿ ಒಂದು ಕಾಗದ ಬೇಕು.

ನಮ್ಮ ಹಳ್ಳ ಇನ್ನೂ ಬಿಡುಗಡೆ ಆಗಿಲ್ಲ. ಜಂಟಿ ಅಳತೆಗೆ ಅರ್ಜಿ ಕೊಟ್ಟಿದ್ದೇವೆ. ಶೆಡ್ಡಿನ ಮಾಲೀಕರ ಜೊತೆ ಮೂರು ಸಲ ಕೂತು ಮಾತಾಡಿದ್ದೇವೆ. ಅವರಿಗೂ ಆ ಜಾಗವನ್ನು ಸೇರಿಸಿಯೇ ಮಾರಿದ್ದರು, ಅವರೂ ದುಡ್ಡು ಕೊಟ್ಟಿದ್ದಾರೆ. ಕಳೆದ ಸಲ ಅವರೇ ನಮ್ಮ ಹತ್ತಿರ ಇದ್ದ ನಕ್ಷೆಯ ಒಂದು ಪ್ರತಿ ಕೇಳಿ ತೆಗೆದುಕೊಂಡು ಹೋದರು. ಇನ್ನೊಂದು ಪ್ರತಿಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಶನ್ ಮಾಡಿಸಿ, ಹಾಲಿನ ಬೂತಿನ ಗೋಡೆಯ ಮೇಲೆ ಹಾಕಿದ್ದೇವೆ. ಪಾರ್ಕಿಗೆ ಹಸಿರು, ಸಿಎ ಸೈಟಿಗೆ ಹಳದಿ, ಹಳ್ಳಕ್ಕೆ ನೀಲಿ. ಬೆಳಿಗ್ಗೆ ಹಾಲಿಗೆ ಬಂದ ಮಕ್ಕಳು ತಮ್ಮ ಮನೆ ಎಲ್ಲಿದೆ ಎಂದು ಬೆರಳಿಟ್ಟು ಹುಡುಕುತ್ತವೆ. ಅಜ್ಜಿಯ ಮನೆಯವರು ಈ ಮಳೆಗಾಲದ ಮುಂಚೆ ಹೊಸ್ತಿಲಿಗೆ ಎರಡು ಸಾಲು ಇಟ್ಟಿಗೆ ಏರಿಸಿಕೊಂಡಿದ್ದಾರೆ. ಅಳತೆಯ ದಿನ ಇನ್ನೂ ಗೊತ್ತಾಗಬೇಕಿದೆ.